ವಿಭೂತಿಯನ್ನೂ ರವೆ ಎಂದುಕೊಂಡ ರುದ್ರಣ್ಣ

ತರೀಕೆರೆ ಬಸ್ ಸ್ಟ್ಯಾಂಡಿನ ಎದುರು, ಬೇಕರಿಗೂ ಅಡಿಕೆ ಸುಲಿಯುವ ಯಂತ್ರ ರಿಪೇರಿ ಮಾಡುವ ಅಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತಿರುವುದು ಗುರುಕೃಪಾ ಸ್ಟುಡಿಯೋ. ಬೋರ್ಡಿನಲ್ಲಿ ಸ್ಟುಡಿಯೋದ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ‘ಶ್ರೀಮಠದ ಅಧಿಕೃತ ಛಾಯಾಗ್ರಾಹಕರು’ ಎಂದಿದೆ. ಈ ಅಧಿಕಾರ ಕೊಟ್ಟವರು ಯಾರು ಎಂದು ಮಠದಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ. ಅಜ್ಜಂಪುರದ ಆಚೆ ಇರುವ ಆ ಸಣ್ಣ ಮಠಕ್ಕೆ ಹಿಂದೆ ರುದ್ರಮೂರ್ತಿಯ ಅಪ್ಪ ಹೋಗಿ ಫೋಟೋ ತೆಗೆಯುತ್ತಿದ್ದರು. ಅವರ ನಂತರ ಮಗ ಹೋದ. ಬೇಡ ಎಂದು ಯಾರೂ ಹೇಳಲಿಲ್ಲ. ಬೇಡ ಎನ್ನದಿದ್ದುದನ್ನೇ ರುದ್ರಮೂರ್ತಿ ನೇಮಕಾತಿ ಆದೇಶ ಎಂದು ತಿಳಿದು ಬೋರ್ಡು ಬರೆಸಿದ, ವಿಸಿಟಿಂಗ್ ಕಾರ್ಡು ಮಾಡಿಸಿದ, ಸ್ಕೂಟರಿನ ಹಿಂಭಾಗಕ್ಕೂ ಅಂಟಿಸಿದ. ಹೆಲ್ಮೆಟ್ಟಿನ ಮೇಲೂ ಬರೆಸುವವನಿದ್ದ. ಹೆಂಡತಿ ಪಂಕಜಾಕ್ಷಿ ತಡೆದಳು.

“ಎಲ್ಲಾದ್ರೂ ಬಿದ್ರೆ ಮಠಾನೇ ಬಿತ್ತು ಅಂದ್ಕೋತಾರೆ ಕಣ್ರೀ” ಎಂದಳು.

ರುದ್ರಮೂರ್ತಿಯ ಅಪ್ಪನದು ಪೆನ್ಸಿಲ್ ಕಾಲ. ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ ಆಡಿಸಿ ಮೊಡವೆ, ಸಿಡುಬಿನ ಕಲೆ ಎಲ್ಲವನ್ನೂ ಮುಚ್ಚುತ್ತಿದ್ದರು. ಆ ಕಾಲದ ತರೀಕೆರೆಯ ಮದುವೆ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದರೆ ಊರಿನ ಗಂಡುಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಾರೆ. ಮಗನಿಗೆ ಈ ಸೌಂದರ್ಯಪ್ರಜ್ಞೆ ಪಿತ್ರಾರ್ಜಿತವಾಗಿ ಬಂತು. ಪೆನ್ಸಿಲ್ ಮಾತ್ರ ಬದಲಾಗಿ ಕಂಪ್ಯೂಟರ್ ಆಯಿತು.

ಅವನ ಬದುಕಿನ ದೊಡ್ಡ ಅವಮಾನ ಆದದ್ದು ಸಿಂಗಟಗೆರೆಯಲ್ಲಿ. ಮದುವೆಮನೆಯಲ್ಲಿ ಧಾರೆ ಹೊತ್ತಿಗೆ ಕರೆಂಟ್ ಹೋಯಿತು. ಜನರೇಟರ್ ಕೆಮ್ಮಿ ಸುಮ್ಮನಾಯಿತು. ಅವನ ಫ್ಲ್ಯಾಶೂ ಅದರ ಜೊತೆ ಸೇರಿಕೊಂಡಿತು. ಬೇರೆ ದಾರಿ ಕಾಣದೆ ಕ್ಯಾಮೆರಾದ ಐಎಸ್‌ಓ ಏರಿಸಿದ. ಮಂದ ಬೆಳಕಿನಲ್ಲೂ ಕ್ಯಾಮೆರಾಕ್ಕೆ ಕಣ್ಣು ಕಾಣುವಂತೆ ಮಾಡುವ ಉಪಾಯ ಅದು. ಆದರೆ ಏರಿಸಿದಷ್ಟೂ ಚಿತ್ರದ ತುಂಬ ಸಣ್ಣ ಸಣ್ಣ ಚುಕ್ಕೆಗಳು ಏಳುತ್ತವೆ, ಬೂದುಬಣ್ಣದವು, ಕೆಂಪು ಹಸಿರಿನವು. ಕಲಿತವರು ಇದನ್ನು ನಾಯ್ಸ್ ಎನ್ನುತ್ತಾರೆ. ಆಲ್ಬಂ ನೋಡಿದ ಹೆಣ್ಣಿನ ಸೋದರಮಾವನಿಗೆ ಆ ಪದ ಗೊತ್ತಿರಲಿಲ್ಲ.

“ಏನ್ರೀ ಇದು, ಹೆಣ್ಣಿನ ಮುಖದ ಮೇಲೆ ರವೆ ಉದುರ್ಸಿದ್ದೀರಲ್ಲ? ಧಾರೆ ತೆಗೀರಿ ಅಂದ್ರೆ ಉಪ್ಪಿಟ್ಟು ತೆಗ್ದಿದ್ದೀರಾ?”

ಆಲ್ಬಂ ನೋಡಲು ಸೇರಿದ್ದವರಲ್ಲಿ ಎದ್ದ ನಗು ಅವನಿಗಿಂತ ಮೊದಲೇ ತರೀಕೆರೆ ತಲುಪಿತು. ಅಲ್ಲಿಂದ ಅವನು ರವೆ ರುದ್ರಣ್ಣ. ಅಂದಿನಿಂದ ರುದ್ರಣ್ಣನಿಗೂ ರವೆಗೂ ಹಗೆ. ಮನೆಯಲ್ಲಿ ಉಪ್ಪಿಟ್ಟು ಮಾಡಿದ ದಿನ ಬೇಕರಿಯ ಬನ್ನು ತಿಂದು ಕೂತಿರುತ್ತಿದ್ದ.

ಆಮೇಲೆ ಅವನು ಒಳ್ಳೆಯ ಕ್ಯಾಮೆರಾ ಕೊಂಡ, ರಾ ಫೈಲ್ ತೆಗೆಯುವುದನ್ನು ಕಲಿತ. ಮಾಮೂಲಿ ಫೋಟೋ ಎಂದರೆ ಕ್ಯಾಮೆರಾ ತನ್ನೊಳಗೇ ಬೇಯಿಸಿ ಬಡಿಸುವ ಚಿತ್ರ. ರಾ ಫೈಲ್ ಎಂದರೆ ಹಸಿಯದು, ನಾವೇ ಕಂಪ್ಯೂಟರಿನಲ್ಲಿ ಬೇಯಿಸಿಕೊಳ್ಳಬೇಕು. ಬೇಯಿಸುವ ಸಾಫ್ಟ್‌ವೇರಿನಲ್ಲಿ ಚುಕ್ಕೆ ತೆಗೆಯುವ ಗುಂಡಿಯೊಂದಿತ್ತು. ಎಡದಿಂದ ಬಲಕ್ಕೆ ಎಳೆದರೆ ರವೆ ಕರಗುತ್ತಿತ್ತು. ರುದ್ರಣ್ಣ ಅದನ್ನು ನಡುವೆ ಎಲ್ಲೂ ನಿಲ್ಲಿಸುತ್ತಿರಲಿಲ್ಲ. ಕೊನೇ ಸ್ಟಾಪಿಗೆ ಟಿಕೆಟ್ ಪಡೆದವನಂತೆ ಎಳೆದೇ ಎಳೆಯುತ್ತಿದ್ದ.

ಹೀಗೆ ಎಳೆದದ್ದರ ಪರಿಣಾಮ ಊರ ತುಂಬ ಕಾಣತೊಡಗಿತು. ಬಿಸಿಲಲ್ಲಿ ಬೆಂದ ಮುಖಗಳೆಲ್ಲ ಹೊಸ ಪ್ಲಾಸ್ಟಿಕ್ ಬಕೆಟ್ಟಿನಂತೆ ಹೊಳೆದವು. ಅಜ್ಜಿಯೊಬ್ಬಳ ಕೈಮೇಲಿದ್ದ ಹಚ್ಚೆ ಮಾಯವಾಯಿತು. ಹೆಬ್ಬೆ ಜಲಪಾತ ಅವನ ಕೈಗೆ ಸಿಕ್ಕಿ ಇಸ್ತ್ರಿ ಮಾಡಿ ತೂಗುಹಾಕಿದ ಪಂಚೆಯಾಯಿತು. ಗಿರಾಕಿಗಳಿಗೆ ಮಾತ್ರ ಪರಮ ಸಂತೋಷ. ತನ್ನ ಮುಖ ತನಗೇ ಗುರುತು ಸಿಗದಷ್ಟು ಚೆನ್ನಾಗಿ ಬಂದರೆ ಬೇಡ ಎನ್ನುವವರು ಯಾರು?

ಹೀಗಿರುವಾಗ ಅಜ್ಜಂಪುರದ ಕೊಬ್ಬರಿ ಮಂಡಿಯ ಬಸವರಾಜಪ್ಪನವರಿಗೆ ಅರವತ್ತು ತುಂಬಿತು.

ಬಸವರಾಜಪ್ಪನವರು ಮಠದ ಕಮಿಟಿಯ ಅಧ್ಯಕ್ಷರು. ಊರಲ್ಲಿ ಯಾವ ಉದ್ಘಾಟನೆಯಾದರೂ ಟೇಪು ಕತ್ತರಿಸುವವರ ಬಲಗಡೆ ನಿಂತಿರುವವರು ಅವರೇ. ಕತ್ತರಿ ಹಿಡಿದವರು ಟೇಪು ನೋಡುತ್ತಿದ್ದರೆ ಇವರು ಕ್ಯಾಮೆರಾ ನೋಡುತ್ತಿರುತ್ತಾರೆ. ಅರವತ್ತರ ದಿನ ಸಂಜೆ ಪೂಜೆಯ ಹೊತ್ತಿಗೆ, ಮಠದ ಗದ್ದುಗೆಯ ಮುಂದೆ, ಸ್ವಾಮಿಗಳು ಸ್ವಂತ ಕೈಯಿಂದ ಅವರ ಹಣೆಗೆ ವಿಭೂತಿ ಹಚ್ಚಬೇಕು, ಅದರ ಫೋಟೋ ತೆಗೆದು ಆಳೆತ್ತರ ದೊಡ್ಡದು ಮಾಡಿಸಿ ಮನೆಯ ಹಾಲಿನಲ್ಲಿ ತೂಗುಹಾಕಬೇಕು ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಬಸವರಾಜಪ್ಪನವರೇ.

ಗದ್ದುಗೆಯ ಕೋಣೆಯಲ್ಲಿ ಪೂಜೆಯ ಹೊತ್ತಿಗೆ ಎಣ್ಣೆದೀಪ ಬಿಟ್ಟರೆ ಬೇರೆ ಬೆಳಕಿಲ್ಲ. ಟ್ಯೂಬ್‌ಲೈಟ್ ಆರಿಸುತ್ತಾರೆ. ಫ್ಲ್ಯಾಶ್ ಕೂಡದು. ಹಿಂದೊಮ್ಮೆ ಯಾರೋ ಫ್ಲ್ಯಾಶ್ ಹೊಡೆದದ್ದಕ್ಕೆ ಆಗಿನ ಸ್ವಾಮಿಗಳು ಮಂತ್ರ ಮರೆತು ಮೊದಲಿಂದ ಶುರು ಮಾಡಿದರಂತೆ, ಹಸಿದು ಕೂತಿದ್ದ ಭಕ್ತರು ಇಂದಿಗೂ ಅದನ್ನು ಕ್ಷಮಿಸಿಲ್ಲ. ರುದ್ರಣ್ಣ ಕ್ಯಾಮೆರಾದ ಐಎಸ್‌ಓವನ್ನು ಅದು ಹೋಗುವಷ್ಟು ಮೇಲಕ್ಕೆ ಹತ್ತಿಸಿದ, ಸ್ವಾಮಿಗಳು ವಿಭೂತಿಯ ಕಡೆ ಕೈ ಚಾಚಿದ ಕೂಡಲೇ ಗುಂಡಿ ಒತ್ತಿದ. ಒತ್ತಿದ ಬೆರಳನ್ನು ಎಲ್ಲ ಮುಗಿಯುವವರೆಗೆ ತೆಗೆಯಲಿಲ್ಲ. ಒಂದೇ ಗಳಿಗೆಯ ಫೋಟೋಗಳು ಸಾಲುಸಾಲಾಗಿ ಬಿದ್ದವು.

ಮರುದಿನ ಸ್ಟುಡಿಯೋದಲ್ಲಿ ತೆರೆದು ನೋಡಿದರೆ ಸ್ವಾಮಿಗಳ ಮೇಲೆ, ಬಸವರಾಜಪ್ಪನವರ ಮೇಲೆ, ಹಿಂದಿನ ಕತ್ತಲಿನ ಮೇಲೆ ಒಂದೇ ಸಮನೆ ರವೆ. ಕೊನೆಯ ಫೋಟೋವೊಂದನ್ನು ಆರಿಸಿ ಗುಂಡಿಯನ್ನು ಕೊನೇ ಸ್ಟಾಪಿಗೆ ಎಳೆದ. ಎಲ್ಲ ಬೆಣ್ಣೆಯಾಯಿತು. ಕಡೂರಿನ ಲ್ಯಾಬಿಗೆ ಕಳಿಸಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಳೇ ಸೀರೆಯಲ್ಲಿ ಸುತ್ತಿ ಅಜ್ಜಂಪುರಕ್ಕೆ ಒಯ್ದ.

ಬಸವರಾಜಪ್ಪನವರ ಹಾಲಿನ ಗೋಡೆಯಲ್ಲಿ ಆಗಲೇ ಮೊಳೆ ಕಾದಿತ್ತು. ಪಕ್ಕದಲ್ಲಿ ಅವರ ಮದುವೆಯ ಫೋಟೋ ಇತ್ತು. ರುದ್ರಣ್ಣನ ಅಪ್ಪ ತೆಗೆದದ್ದು, ತಾಳಿ ಕಟ್ಟುವ ಗಳಿಗೆ. ಹೊಸ ಪಟ ಗೋಡೆಗೇರಿದ ಕೂಡಲೇ ಬಸವರಾಜಪ್ಪನವರು ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದರು.

“ಆಹಾ! ಕೆನ್ನೆ ನೋಡಯ್ಯ ರುದ್ರಣ್ಣ. ಒಂದು ಗೆರೆ ಇದೆಯಾ? ನಲವತ್ತು ದಾಟಿಲ್ಲ ಅಂತಾರೆ ನೋಡಿದೋರು.”

ಅವರ ಹೆಂಡತಿ ದಾಕ್ಷಾಯಣಮ್ಮ ಸೆರಗಿನಿಂದ ಗಾಜು ಒರೆಸಿದರು. ಮತ್ತೆ ಒರೆಸಿದರು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದರು.

“ಅಲ್ಲಾ ರೀ, ವಿಭೂತಿ ಎಲ್ಲಿ?”

“ಯಾವ ವಿಭೂತಿ?”

“ಹಚ್ಚಿದ್ ವಿಭೂತಿ. ನಿಮ್ ಹಣೇಲೂ ಇಲ್ಲ, ಬುದ್ಧಿಯೋರ ಹಣೇಲೂ ಇಲ್ಲ. ಇಬ್ರೂ ಈಗ ತಾನೇ ಮುಖ ತೊಳ್ಕೊಂಡು ಬಂದಂಗಿದ್ದೀರಿ.”

ರುದ್ರಣ್ಣನೂ ಗಾಜಿನ ಹತ್ತಿರ ಹೋಗಿ ನೋಡಿದ. ದೀಪದ ಮಂದ ಬೆಳಕಿನಲ್ಲಿ ತೆಳ್ಳಗೆ, ಪುಡಿಪುಡಿಯಾಗಿ ಕೂತಿದ್ದ ಬೂದಿಗೂ ಅದರ ಮೇಲಿನ ಬೂದುಚುಕ್ಕೆಗೂ ಸಾಫ್ಟ್‌ವೇರು ಏನೂ ವ್ಯತ್ಯಾಸ ಕಾಣದೆ ಎರಡನ್ನೂ ಒಟ್ಟಿಗೇ ಗುಡಿಸಿಬಿಟ್ಟಿತ್ತು. ಸಾಫ್ಟ್‌ವೇರು ಮಾಡಿದ ಮೇಲೆ ರುದ್ರಣ್ಣನೂ ನೋಡಬಹುದಿತ್ತು. ಅವನು ಕೆನ್ನೆ ನೋಡುತ್ತ ಕೂತಿದ್ದ.

ಬಸವರಾಜಪ್ಪನವರ ದನಿ ಇಳಿಯಿತು. ಮಂಡಿಯಲ್ಲಿ ಅವರ ದನಿ ಏರಿದರೆ ಯಾರೂ ಹೆದರುವುದಿಲ್ಲ, ಇಳಿದರೆ ಹೆದರುತ್ತಾರೆ.

“ಬರೋ ಸೋಮವಾರ ನಮ್ಮನೇಲಿ ಪಾದಪೂಜೆ. ಬುದ್ಧಿಯೋರು ಇಲ್ಲೇ, ಈ ಪಟದ ಎದುರ್ಗೇ ಕೂತ್ಕೋತಾರೆ. ಜಗದ್ಗೆಲ್ಲ ವಿಭೂತಿ ಹಚ್ಚೋರು ತಮ್ಮ ಬೋಳು ಹಣೆ ನೋಡ್ಕೊಂಡು ಕೂತಿರ್ಬೇಕೇನಯ್ಯಾ? ಅಷ್ಟ್ರೊಳಗೆ ಸರಿ ಮಾಡ್ಕೊಂಡು ಬಾ. ಇಲ್ದಿದ್ರೆ ಇನ್ಮೇಲೆ ಗದ್ದುಗೆ ಬಾಗ್ಲು ದಾಟಿ ಕ್ಯಾಮೆರಾ ಹಿಡೀಬೇಡ. ಆ ಬೋರ್ಡೂ ಇಳ್ಸು. ಯಾರು ಹೇಳಿ ಹಾಕ್ಸಿದ್ಯೋ ಅಂತ ಕಮಿಟೀಲಿ ನಾನೇ ಕೇಳ್ತೀನಿ.”

ಈ ಕೊನೆಯ ಪ್ರಶ್ನೆಯನ್ನು ಇಷ್ಟು ವರ್ಷ ಯಾರೂ ಕೇಳದಿರಲಿ ಎಂದೇ ರುದ್ರಣ್ಣ ದಿನಾ ದೀಪ ಹಚ್ಚುತ್ತಿದ್ದುದು.

ಪಟವನ್ನು ಮತ್ತೆ ಸೀರೆಯಲ್ಲಿ ಸುತ್ತಿಕೊಂಡು ಬಂದವನು ಸ್ಟುಡಿಯೋದ ಬಾಗಿಲು ಅರ್ಧ ಎಳೆದು ಕೂತ. ಮೊದಲು ಅಪ್ಪನ ವಿದ್ಯೆ ನೆನಪಾಯಿತು. ಮೌಸ್ ಹಿಡಿದು ಬಿಳಿ ಬಣ್ಣದಲ್ಲಿ ಇಬ್ಬರ ಹಣೆಗೂ ಮೂರು ಮೂರು ಪಟ್ಟೆ ಎಳೆದ. ಸ್ಟುಡಿಯೋದ ಹಿಂದಿನ ಮನೆಯಿಂದ ಊಟಕ್ಕೆ ಕರೆಯಲು ಬಂದ ಪಂಕಜಾಕ್ಷಿ ಬಗ್ಗಿ ನೋಡಿದಳು.

“ಇದೇನ್ರೀ, ಇಸ್ಕೂಲ್ ಮುಂದಿನ ರಸ್ತೆಗೆ ಬಳಿದಂಗೆ ಬಳ್ದಿದ್ದೀರಾ? ಮಕ್ಳು ದಾಟ್ಬೇಕಾ ಇಲ್ಲಿ?”

“ನಿಂಗೇನ್ ಗೊತ್ತಾಗುತ್ತೆ ಇದು.”

“ನಂಗ್ ಗೊತ್ತಾಗಲ್ಲ ಸರಿ. ದಾಕ್ಷಾಯಣಮ್ಮೋರಿಗೆ ಗೊತ್ತಾಗುತ್ತಲ್ಲ.”

ಅದು ಮಾತು. ಅಳಿಸಿದ. ಗುಂಡಿಯನ್ನು ಪೂರ್ತಿ ಎಡಕ್ಕೆ ತಂದ, ವಿಭೂತಿ ಬಂತು, ರವೆಯೂ ಬಂತು. ಸ್ವಲ್ಪ ಬಲಕ್ಕೆ ತಂದ, ರವೆ ಅರ್ಧ ಹೋಯಿತು, ವಿಭೂತಿಯೂ ಅರ್ಧ ಹೋಯಿತು. ಇಡೀ ಮಧ್ಯಾಹ್ನ ಸ್ವಾಮಿಗಳ ಹಣೆಯ ಮೇಲೆ ವಿಭೂತಿ ಬರುವುದು ಹೋಗುವುದು ನಡೆಯಿತು. ಗುಂಡಿಯನ್ನು ನಡುವೆ ಎಲ್ಲಾದರೂ ನಿಲ್ಲಿಸಬಹುದು ಎಂಬುದು ಅವನಿಗೆ ಗೊತ್ತಾದದ್ದು ಅವತ್ತು. ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಾಗಲಿಲ್ಲ.

ಸೋತು, ಬೇರೆ ಯಾವುದಾದರೂ ಫೋಟೋ ಚೆನ್ನಾಗಿದೆಯೇ ಎಂದು ಸಾಲಿನಲ್ಲಿ ಒಂದಾದ ಮೇಲೊಂದು ಬಡಬಡ ತಿರುಗಿಸತೊಡಗಿದ. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ರವೆ ಕುಣಿಯುತ್ತಿತ್ತು. ಒಂದು ಫೋಟೋದಲ್ಲಿ ಇಲ್ಲಿದ್ದ ಚುಕ್ಕೆ ಮುಂದಿನದರಲ್ಲಿ ಅಲ್ಲಿ, ಅದರ ಮುಂದಿನದರಲ್ಲಿ ಎಲ್ಲೂ ಇಲ್ಲ. ಸ್ವಾಮಿಗಳ ಹಣೆಯ ವಿಭೂತಿ ಮಾತ್ರ ಎಲ್ಲದರಲ್ಲೂ ಕೂತಲ್ಲೇ ಕೂತಿತ್ತು. ಹಾಗಾದರೆ ಎಲ್ಲ ಫೋಟೋಗಳನ್ನೂ ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ? ಇದ್ದಲ್ಲೇ ಇರುವುದು ಉಳಿಯುತ್ತದೆ, ಕುಣಿಯುವುದು ತಂತಾನೇ ಮಸುಕಾಗುತ್ತದೆ. ನಕ್ಷತ್ರಗಳ ಫೋಟೋ ತೆಗೆಯುವವನೊಬ್ಬ ಮೊಬೈಲಿನ ವಿಡಿಯೋದಲ್ಲಿ ಹೀಗೇ ಏನೋ ಹೇಳಿದ್ದು ಅರೆಬರೆ ನೆನಪಿತ್ತು. ಮಾಡಿಯೇ ನೋಡಿದ.

ಸ್ವಾಮಿಗಳು ಮೂಡಿಬಂದರು. ಪೂಜೆಯಲ್ಲಿದ್ದ ಅವರು ಕೈಯೊಂದನ್ನು ಬಿಟ್ಟು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಹಣೆಯ ಮೇಲೆ ವಿಭೂತಿಯ ಪುಡಿಪುಡಿಯೂ ಕಂಡಿತು, ಹಿಂದಿನ ಕತ್ತಲು ಕತ್ತಲಾಗಿಯೇ ಇತ್ತು. “ಬಾರೇ ಇಲ್ಲಿ!” ಎಂದು ಹೆಂಡತಿಯನ್ನು ಕೂಗಿದ.

ಪಂಕಜಾಕ್ಷಿ ಬಂದು ಸ್ವಾಮಿಗಳನ್ನು ನೋಡಿ ಕೈಮುಗಿದಳು. ಆಮೇಲೆ ಪಕ್ಕಕ್ಕೆ ನೋಡಿ ಕೈ ಬಿಟ್ಟಳು.

“ಈ ಎರಡು ಮೂಗಿನೋರು ಯಾರು?”

ಬಸವರಾಜಪ್ಪನವರ ಜಾಗದಲ್ಲಿ ಕಲಸಿದ ಮುದ್ದೆಯಂಥದ್ದೊಂದು ಇತ್ತು. ಅದಕ್ಕೆ ಮೂಗು ಎರಡು, ಕಣ್ಣು ಲೆಕ್ಕಕ್ಕೆ ಸಿಗದಷ್ಟು. ರುದ್ರಣ್ಣ ಮತ್ತೆ ಸಾಲು ತಿರುಗಿಸಿದ. ಮೊದಲ ಫೋಟೋದಲ್ಲಿ ಬಸವರಾಜಪ್ಪನವರು ಭಕ್ತಿಯಿಂದ ಸ್ವಾಮಿಗಳ ಎದುರಿಗಿದ್ದರು. ಎರಡನೆಯದರಲ್ಲಿ ಕಣ್ಣು ಮಾತ್ರ ಕ್ಯಾಮೆರಾ ಕಡೆ. ಮುಂದೆ ಗದ್ದ. ಅದರ ಮುಂದೆ ಇಡೀ ತಲೆ. ಬಡಬಡ ತಿರುಗಿಸಿದರೆ ಟೇಬಲ್ ಫ್ಯಾನು ತಿರುಗಿದಂತೆಯೇ.

“ಅಯ್ಯೋ, ಕೈ ನೋಡ್ರೀ, ಬುದ್ಧಿಯೋರ ಕೈ!” ಎಂದಳು ಪಂಕಜಾಕ್ಷಿ. ನಗು ತಡೆಯಲು ಸೆರಗು ಬಾಯಿಗಿಟ್ಟಿದ್ದಳು.

ಸ್ವಾಮಿಗಳ ಕೈ ಇದ್ದಲ್ಲಿಂದಲೇ ನೇರವಾಗಿ ಗೆರೆ ಎಳೆದಿತ್ತು. ತಿರುಗಿದ್ದು ಹಣೆ. ಹೀಗಾಗಿ ವಿಭೂತಿಯ ಮೂರು ಗೆರೆಗಳು ಹುಬ್ಬಿನ ಮೇಲೆ ಶುರುವಾಗಿ, ಕಣತಲೆ ದಾಟಿ, ಕಿವಿಯವರೆಗೆ ಪ್ರಯಾಣ ಮಾಡಿದ್ದವು. ರವೆಯ ಜೊತೆ ರುದ್ರಣ್ಣ ಇದನ್ನೂ ಅಳಿಸಿದ್ದ. ಈಗ ವಿಭೂತಿಯನ್ನು ವಾಪಸು ತಂದರೆ ಅದು ಕಿವಿಯ ಮೇಲೆಯೇ ಬರುತ್ತದೆ.

“ಗೆರೆ ಕಿತ್ತು ಹಣೆ ಮಧ್ಯಕ್ಕೆ ಅಂಟಿಸ್ಬಿಡ್ಲಾ?”

“ಅಂಟಿಸ್ಬೋದು. ಬುದ್ಧಿಯೋರ ಬೆರಳು ಕಿವಿ ಹತ್ರಾನೇ ಇದೆಯಲ್ಲ. ಅವರು ಇವರ ಕಿವಿ ಹಿಂಡ್ತಾ ಇದ್ರು ಅಂತೀರಾ ಆಮೇಲೆ?”

ರುದ್ರಣ್ಣ ಅಂಟಿಸುವ ಯೋಚನೆ ಬಿಟ್ಟ. ಸ್ವಾಮಿಗಳನ್ನು ಸರಾಸರಿಯ ಚಿತ್ರದಿಂದ ತೆಗೆದುಕೊಂಡ. ಬಸವರಾಜಪ್ಪನವರನ್ನೂ ಸ್ವಾಮಿಗಳ ಕೈಯನ್ನೂ ಆ ಕೊನೆಯ ಒಂದೇ ಫೋಟೋದಿಂದ ತೆಗೆದುಕೊಂಡ. ಅವನು ಎಳೆಯುತ್ತಿದ್ದ ಗುಂಡಿಯ ಕೆಳಗೆ ಇನ್ನೆರಡಿದ್ದವು, ಕೆಂಪು ಹಸಿರು ಚುಕ್ಕೆ ತೆಗೆಯುವುದು ಒಂದು, ಬೂದುಚುಕ್ಕೆ ತೆಗೆಯುವುದು ಇನ್ನೊಂದು. ಮೊದಲನೆಯದನ್ನು ಧಾರಾಳವಾಗಿ ಎಳೆದ, ಎರಡನೆಯದನ್ನು ಮುಟ್ಟಿಯೂ ಮುಟ್ಟದಂತೆ ಬಿಟ್ಟ. ಮುಖದ ಮೇಲೆ ಒಂದಿಷ್ಟು ರವೆ ಉಳಿಯಿತು. ಜೊತೆಗೆ ಕೆನ್ನೆಯ ಗೆರೆಗಳೆಲ್ಲ ತವರಿಗೆ ಬಂದಂತೆ ಬಂದು ಕೂತವು. ಮುದ್ರಣಕ್ಕೆ ಕೊಡಲು ಧೈರ್ಯ ಸಾಲಲಿಲ್ಲ. ಲ್ಯಾಪ್‌ಟಾಪನ್ನೇ ಹೊತ್ತು ಅಜ್ಜಂಪುರಕ್ಕೆ ಹೋದ.

ಬಸವರಾಜಪ್ಪನವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು.

“ಯಾರಯ್ಯ ಈ ಮುದುಕ? ಮತ್ತೆ ಈ ಕಿವಿ ಏನು? ಕಿವಿಗ್ಯಾಕೆ ಹಚ್ಚಿದ್ದಾರೆ?”

“ಅಣ್ಣ, ಅದು... ತಾವು ಸ್ವಲ್ಪ ತಿರುಗಿದ್ರಿ.”

“ನಾನಾ? ಗದ್ದುಗೆ ಮುಂದೆ? ಹಚ್ಚಿದ್ಮೇಲೆ ತಿರುಗಿರ್ಬೋದು, ಹಚ್ಚೋವಾಗ ಕಣ್ಮುಚ್ಚಿ ಕೂತಿದ್ದೆ ಕಣೋ ನಾನು, ಮೈಮರ್ತು ಕೂತಿದ್ದೆ!”

ರುದ್ರಣ್ಣ ಬಾಣದ ಗುಂಡಿಯ ಮೇಲೆ ಬೆರಳಿಟ್ಟು ಒತ್ತಿ ಹಿಡಿದ. ಮೈಮರೆತ ಬಸವರಾಜಪ್ಪನವರು ತೆರೆಯ ಮೇಲೆ ಕಣ್ಣು ಹೊರಳಿಸಿದರು, ಗದ್ದ ಹೊರಳಿಸಿದರು, ತಲೆ ತಿರುಗಿಸಿದರು, ಕೊನೆಗೆ ಹಲ್ಲು ಬಿಟ್ಟರು.

ಹಿಂದೆ ನಿಂತಿದ್ದ ದಾಕ್ಷಾಯಣಮ್ಮನಿಗೆ ಮೊದಲು ಕೆಮ್ಮು ಬಂತು. ಆಮೇಲೆ ಅವರು ಸೋಫಾ ಹಿಡಿದು ಕೂತರು. ಕೂತ ಮೇಲೂ ನಗು ನಿಲ್ಲಲಿಲ್ಲ.

“ಇನ್ನೊಂದ್ ಸಲ ತೋರ್ಸಪ್ಪಾ ರುದ್ರಣ್ಣ, ನಿನ್ ಪುಣ್ಯ.”

“ಏನ್ ನಗೋದು ಅದ್ರಲ್ಲಿ?” ಎಂದು ಬಸವರಾಜಪ್ಪನವರು ಗದರಿದರು.

“ನಗ್ದೆ ಇನ್ನೇನು ಮಾಡ್ಲಿ? ಆ ಗೋಡೆ ನೋಡ್ರೀ.” ದಾಕ್ಷಾಯಣಮ್ಮ ಮದುವೆಯ ಫೋಟೋ ತೋರಿಸಿದರು. ಅದರಲ್ಲಿ ಮದುವಣಿಗನ ಕೈ ಮದುವಣಗಿತ್ತಿಯ ಕೊರಳಲ್ಲಿತ್ತು, ಕಣ್ಣು ಮಾತ್ರ ನೇರ ಕ್ಯಾಮೆರಾದಲ್ಲಿ. “ಇವನಪ್ಪ ಫೋಟೋ ತೆಗೀತಿದ್ರು, ನೀವು ಅವರನ್ನ ನೋಡ್ತಿದ್ರಿ. ಗಂಟು ನನ್ ಜಡೆಗೆ ಬಿತ್ತು. ಆಮೇಲೆ ಬಿಚ್ಚಿ ಸರಿಯಾಗಿ ಹಾಕ್ದೋಳು ನಿಮ್ಮಕ್ಕ. ನಾನು ಇಷ್ಟು ವರ್ಷ ಯಾರಿಗಾದ್ರೂ ಹೇಳಿದ್ನಾ?”

“ಈಗ ಹೇಳ್ತಾ ಇದ್ದೀಯಲ್ಲ!”

“ಈಗ ಸಾಕ್ಷಿ ಸಿಕ್ತು. ರುದ್ರಣ್ಣ, ಇದನ್ನೇ ದೊಡ್ಡದು ಮಾಡ್ಸು. ಅದ್ರ ಪಕ್ಕದಲ್ಲೇ ಹಾಕ್ತೀನಿ. ನಮ್ಮನೆಯೋರು ಇದ್ದಂಗೇ ಇದ್ದಾರೆ.”

ಬಸವರಾಜಪ್ಪನವರು ಮಠದ ಕಮಿಟಿಗೆ ಅಧ್ಯಕ್ಷರು, ಮನೆಗೆ ಸದಸ್ಯರು. ಒಂದು ತಿದ್ದುಪಡಿಯನ್ನಷ್ಟೇ ಮಂಡಿಸಿದರು.

“ಹಣೆಗೆ ರವೆ ಇರ್ಲಿ, ಕೆನ್ನೆಗೆ ತೆಗೀಬೋದಲ್ವೇನಯ್ಯಾ?”

“ಕಿವಿವರ್ಗೂ ವಿಭೂತಿ ಇದೆ ಅಣ್ಣ. ಕೆನ್ನೇದು ತೆಗೆಯೋಕೆ ಹೋದ್ರೆ ಅದೂ ಹೋಗುತ್ತೆ.”

“ಸರಿ, ಮಾಡ್ಸು. ಸೋಮವಾರ ಬುದ್ಧಿಯೋರು ಏನಾದ್ರೂ ಅಂದ್ರೆ ಮಾತ್ರ ಬೋರ್ಡು ನಿಂದು, ಸುತ್ತಿಗೆ ನಂದು.”

ಸೋಮವಾರ ಬಂತು. ಪಾದಪೂಜೆ ಮುಗಿಯಿತು. ಪಟದ ಎದುರಿನ ಕುರ್ಚಿಯಲ್ಲಿ ಕೂತ ಸ್ವಾಮಿಗಳು ತಲೆ ಎತ್ತಿದರು. ರುದ್ರಣ್ಣ ಬಾಗಿಲ ಬಳಿ, ಓಡಲು ಅನುಕೂಲವಾಗುವಂತೆ, ಚಪ್ಪಲಿಯ ಪಕ್ಕದಲ್ಲೇ ನಿಂತಿದ್ದ. ಬಸವರಾಜಪ್ಪನವರು ಪಟಕ್ಕೆ ಬೆನ್ನು ಹಾಕಿ, ಅದು ತಮ್ಮ ಮನೆಯದೇ ಅಲ್ಲವೆಂಬಂತೆ ನಿಂತಿದ್ದರು.

ಸ್ವಾಮಿಗಳು ಎದ್ದು ಹತ್ತಿರ ಹೋಗಿ, ಮೇಲಿಂದ ಕೆಳಗೆ ನಿಧಾನವಾಗಿ ನೋಡಿದರು. ಪಟದಲ್ಲಿನ ಬಸವರಾಜಪ್ಪನವರ ಕಿವಿಯ ಹತ್ತಿರ ಬಂದು ಅವರ ನೋಟ ನಿಂತಿತು.

“ಅಧ್ಯಕ್ಷರೇ, ನಮ್ಮ ಕೈ ತಪ್ಪಿತೋ, ನಿಮ್ಮ ತಲೆ ತಪ್ಪಿತೋ?”

“ತಲೆ, ಬುದ್ಧಿ” ಎಂದರು ಬಸವರಾಜಪ್ಪನವರು. ಅವರು ಒಂದೇ ಪದದಲ್ಲಿ ಉತ್ತರ ಕೊಟ್ಟದ್ದನ್ನು ಅಲ್ಲಿದ್ದವರು ಹಿಂದೆ ಕೇಳಿರಲಿಲ್ಲ.

“ಒಳ್ಳೇದೇ ಆಯ್ತು ಬಿಡಿ. ಕಿವಿಗೆ ಹಚ್ಚಿದ ಮೇಲಾದರೂ ಕಮಿಟಿ ಮೀಟಿಂಗಿನಲ್ಲಿ ಬೇರೆಯವರು ಹೇಳಿದ್ದು ಕೇಳಿಸೀತು.”

ಮೊದಲು ನಕ್ಕವರು ದಾಕ್ಷಾಯಣಮ್ಮ. ಆಮೇಲೆ ಇಡೀ ಹಾಲು. ಕೊನೆಗೆ, ಬೇರೆ ದಾರಿಯಿಲ್ಲದೆ, ಬಸವರಾಜಪ್ಪನವರು.

“ಬಾರಪ್ಪ ಇಲ್ಲಿ” ಎಂದು ಸ್ವಾಮಿಗಳು ರುದ್ರಣ್ಣನನ್ನು ಕರೆದರು. “ದೀಪದ ಬೆಳಕು ದೀಪದ ಬೆಳಕಿನ ಹಾಗೇ ಬಂದಿದೆ. ಮುಂದಿನ ಅಮಾವಾಸ್ಯೆ ಪೂಜೆಗೂ ನೀನೇ ಬಾ.”

ರುದ್ರಣ್ಣ ಅಲ್ಲೇ ಅಡ್ಡಬಿದ್ದ. ಬೋರ್ಡು ಉಳಿಯಿತು. ಹೆಲ್ಮೆಟ್ಟಿನ ವಿಚಾರವನ್ನು ಪಂಕಜಾಕ್ಷಿಯ ಬಳಿ ಮತ್ತೆ ಎತ್ತಬಹುದು ಎಂದು ಮಲಗಿದಲ್ಲೇ ಅಂದುಕೊಂಡ.

ಜನ ಪ್ರಸಾದದ ಕಡೆ ಹೊರಟರು. ಸ್ವಾಮಿಗಳು ಹೊರಡಲಿಲ್ಲ. ಪಟದಲ್ಲಿನ ತಮ್ಮ ಗಡ್ಡವನ್ನೇ ನೋಡುತ್ತ, ಪಕ್ಕದವರಿಗೆ ಕೇಳಿಸದ ಹಾಗೆ ಕೇಳಿದರು.

“ಇಷ್ಟೊಂದು ಬಿಳಿ ಇದೆಯೇನಪ್ಪಾ ನಮ್ಮ ಗಡ್ಡದಲ್ಲಿ?”

“ಇದೆ ಬುದ್ಧಿ. ನುಣ್ಣಗೆ ಮಾಡೋ ಗುಂಡಿ ಎಳೀದೆ ಬಿಟ್ಟಿದ್ದಕ್ಕೆ ಎಲ್ಲಾ ಕಾಣ್ತಾ ಇದೆ.”

“ಎಳೆದರೆ?”

“ಗಡ್ಡ ನುಣ್ಣಗೆ ಒಂದೇ ಬಣ್ಣ ಆಗುತ್ತೆ. ಆದ್ರೆ ವಿಭೂತಿ ಹೋಗುತ್ತೆ, ಬುದ್ಧಿ.”

ಸ್ವಾಮಿಗಳು ಗಡ್ಡ ನೀವಿಕೊಂಡರು. ಹಿಂದೆ ಮುಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡರು.

“ಪೂರ್ತಿ ಹೋಗುತ್ತಾ?” ಎಂದರು.